ಹಳೆ ದೋಣಿ ಕೊಳ್ಳುವ ಮುನ್ನ ಅಳಿವೆ ನೆನಪಿರಲಿ

ಹಳೆ ಬೈಕ್ ಕೊಳ್ಳುವುದು ಹೇಗೆ ಅಂತ ಕೇಳಿದರೆ ನಮ್ಮಲ್ಲಿ ಎಲ್ಲರ ಹತ್ತಿರವೂ ಉತ್ತರ ಇದೆ. ಎಂಜಿನ್ ಸದ್ದು ಕೇಳಿ, ಟೈರ್ ನೋಡಿ, ಆರ್‌ಸಿ ನೋಡಿ, ಒಂದು ರೌಂಡ್ ಓಡಿಸಿ ಬನ್ನಿ. ಹಳೆ ದೋಣಿ ಕೊಳ್ಳುವುದು ಹೇಗೆ ಅಂತ ಕೇಳಿದರೆ ಆಫೀಸಿನಲ್ಲಿ ನಗುತ್ತಾರೆ. ಆದರೆ ಕಾರವಾರದಿಂದ ಉಳ್ಳಾಲದವರೆಗಿನ ಊರುಗಳಿಂದ ಬಂದು ಬೆಂಗಳೂರಿನಲ್ಲಿ ಸಂಬಳ ಎಣಿಸುವ ನಮ್ಮಂಥ ಎಷ್ಟೋ ಜನರಿಗೆ ಬೇಸಿಗೆಯಲ್ಲಿ ಮನೆಯಿಂದ ಒಂದು ಫೋನ್ ಬರುತ್ತದೆ: "ಒಂದು ದೋಣಿ ಮಾರಾಟಕ್ಕಿದೆ. ಒಂದೆರಡು ಲಕ್ಷ ಹೊಂದಿಸೋಕೆ ಆಗುತ್ತಾ?"

ನಾವು ಕೇಳುವುದು ಎರಡೇ ಪ್ರಶ್ನೆ. ರೇಟ್ ಎಷ್ಟು? ಎಂಜಿನ್ ಎಷ್ಟು ಎಚ್‌ಪಿ? ಆಮೇಲೆ ಫೋನ್‌ನಲ್ಲೇ ದುಡ್ಡು ಕಳಿಸಿ ಮೀಟಿಂಗ್‌ಗೆ ಹೋಗುತ್ತೇವೆ.

ಈ ವಾರದ ಅಂಕಣ ಆ ಎರಡು ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯ ಬಗ್ಗೆ. ಇಡೀ ವರ್ಷದಲ್ಲಿ ಅತಿ ಕೆಟ್ಟದಾದ ಹದಿನೈದು ನಿಮಿಷಗಳಲ್ಲಿ ಈ ದೋಣಿ ಒಳಗಿರುವ ನಾಲ್ಕು ಜನರನ್ನು ದಡಕ್ಕೆ ತರುತ್ತದಾ?

ಚಿಕ್ಕ ದೋಣಿ, ದೊಡ್ಡ ಕಡಲು

ನನ್ನ ತಮ್ಮ ಗಂಗೊಳ್ಳಿ ಕಡೆ ಬೇರೆಯವರ ದೋಣಿಯಲ್ಲಿ ಕಲಾಸಿಯಾಗಿ ಎಂಟು ವರ್ಷ ದುಡಿದವನು. ಈ ವರ್ಷ ಸ್ವಂತದ್ದು ಬೇಕು ಅಂತ ಹಟ ಹಿಡಿದ. ಅವನ ಹತ್ತಿರ ಒಂದು ಲಕ್ಷ ಚಿಲ್ಲರೆ, ಉಳಿದದ್ದು ನನ್ನದು. ಹಾಗಾಗಿ ಮೇ ತಿಂಗಳ ಎರಡು ವಾರಾಂತ್ಯ ನಾನೂ ಅವನ ಜತೆ ದೋಣಿ ನೋಡುತ್ತಾ ತಿರುಗಿದೆ.

ಅವನಿಗೆ ಬೇಕಿದ್ದದ್ದು ಬೀಡುಬಲೆ ಹಾಕುವ ಫೈಬರ್ ನಾಡದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಯಾಕೆ 9.9? ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟ್‌ಗಳಿಗೂ 10 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್ ಇರುವ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅಂತ ಮಾಡಿದ ನಿಯಮ, ಒಳ್ಳೆಯದೇ. ಅದರ ಇನ್ನೊಂದು ಮುಖ ನೋಡಿ. ಆ ಎರಡು ತಿಂಗಳು ದೊಡ್ಡ ಬೋಟ್‌ಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ಕಟ್ಟಿರುತ್ತವೆ. ಕಡಲಿಗಿಳಿಯುವುದು ಚಿಕ್ಕ ದೋಣಿಗಳು ಮಾತ್ರ. ಮೀನಿಗೆ ಒಳ್ಳೆ ರೇಟ್ ಸಿಗುವುದೂ ಆಗಲೇ, ಕಡಲು ಅತಿ ಒರಟಾಗಿರುವುದೂ ಆಗಲೇ.

ಆದ್ದರಿಂದ "ನಮ್ಮದು ದಡದ ಹತ್ತಿರದ ಮೀನುಗಾರಿಕೆ, ದೊಡ್ಡ ತಯಾರಿ ಎಲ್ಲ ಬೇಡ" ಅನ್ನುವ ಮಾತನ್ನು ಒಪ್ಪಬೇಡಿ. ಅಪಾಯ ಇರುವುದು ದೂರದಲ್ಲಿ ಅಲ್ಲ. ದಡದ ಹತ್ತಿರವೇ.

ಅಳಿವೆ ಅನ್ನುವ ಬಾಗಿಲು

ನದಿ ಕಡಲು ಸೇರುವ ಜಾಗವೇ ಅಳಿವೆ. ಗಂಗೊಳ್ಳಿ, ಹೊನ್ನಾವರ, ಮಂಗಳೂರಿನ ಬೆಂಗ್ರೆ, ಎಲ್ಲ ಕಡೆಯೂ ದೋಣಿಗಳು ಹೋಗುವುದೂ ಬರುವುದೂ ಈ ಬಾಗಿಲಿನಿಂದಲೇ. ನದಿ ತಂದ ಮರಳು ಇಲ್ಲಿ ದಿಬ್ಬ ಕಟ್ಟಿ ಆಳ ಕಡಿಮೆಯಾಗುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದರೆ ಅಲೆ ಮುರಿಯುತ್ತದೆ. ಅಂದರೆ ಹೊರಗೆ ಸುಮ್ಮನೆ ಏರಿಳಿಯುತ್ತಿದ್ದ ಒಂದೂವರೆ ಮೀಟರಿನ ಅಲೆ, ಎರಡು ಮೀಟರ್ ಆಳದ ಮರಳುದಿಬ್ಬದ ಮೇಲೆ ಬಂದಾಗ ಗೋಡೆಯಾಗಿ ಎದ್ದು ಮಗುಚಿ ಬೀಳುತ್ತದೆ. ಇಳಿತದ ಹೊತ್ತು, ಮೇಲಿಂದ ಮಳೆಯ ನೀರೂ ನದಿಯಲ್ಲಿ ಹೊರಗೆ ನುಗ್ಗುತ್ತಿದ್ದರೆ ಒಳಬರುವ ಅಲೆ ಇನ್ನೂ ಕಡಿದಾಗುತ್ತದೆ.

ಹೋಗುವಾಗ ಅಲೆ ಎದುರಿಗೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಬರುವಾಗ ಅದು ಬೆನ್ನ ಹಿಂದಿನಿಂದ ಬರುತ್ತದೆ. ದೋಣಿಯ ಹಿಂಭಾಗವನ್ನು ಎತ್ತುತ್ತದೆ, ಮುಂಭಾಗ ನೀರಿಗೆ ಚುಚ್ಚುತ್ತದೆ, ಚುಕ್ಕಾಣಿ ಹಿಡಿತ ತಪ್ಪಿ ದೋಣಿ ಅಡ್ಡಕ್ಕೆ ತಿರುಗುತ್ತದೆ. ಅಡ್ಡ ನಿಂತ ದೋಣಿಯನ್ನು ಮುಂದಿನ ಅಲೆ ಮಗುಚುತ್ತದೆ. ಆಗ ದೋಣಿಯಲ್ಲಿ ಮೀನಿನ ಭಾರ ಇರುತ್ತದೆ, ಒದ್ದೆ ಬಲೆ ಇರುತ್ತದೆ, ಜನ ದಣಿದಿರುತ್ತಾರೆ.

ನಮ್ಮ ದೊಡ್ಡಪ್ಪ ನಲವತ್ತು ವರ್ಷ ತಾಂಡೇಲರಾಗಿದ್ದವರು. ಅವರು ಒಂದೇ ಮಾತು ಹೇಳುವುದು: "ಹೋಪುದು ದೊಡ್ಡದಲ್ಲ, ಬಪ್ಪುದು ದೊಡ್ಡದ್." ದೋಣಿ ಆರಿಸುವಾಗ ಈ ಮಾತನ್ನೇ ಅಳತೆಗೋಲು ಮಾಡಿಕೊಳ್ಳಿ. ಖಾಲಿ ದೋಣಿ ಬೆಳಗ್ಗೆ ಹೇಗೆ ಓಡುತ್ತದೆ ಅನ್ನುವುದಲ್ಲ, ತುಂಬಿದ ದೋಣಿ ಸಂಜೆ ಹೇಗೆ ಒಳಬರುತ್ತದೆ ಅನ್ನುವುದು ಮುಖ್ಯ.

ಎರಡು ದೋಣಿ, ಒಂದು ಜಗಳ

ಹತ್ತಾರು ದೋಣಿ ನೋಡಿ ಕೊನೆಗೆ ಎರಡಕ್ಕೆ ಬಂದು ನಿಂತೆವು. ಮೊದಲನೆಯದು 26 ಅಡಿ ಉದ್ದ, 6 ಅಡಿ ಅಗಲ, ತಳ ಹೆಚ್ಚು ಕಡಿಮೆ ಚಪ್ಪಟೆ, ಬದಿ ತಗ್ಗು. ಹೊಸ ಪೇಂಟ್, ಬಾಣದ ಹಾಗೆ ಓಟ. ಹೇಳಿದ ಬೆಲೆ 2 ಲಕ್ಷ 40 ಸಾವಿರ. ಎರಡನೆಯದು 24 ಅಡಿ ಉದ್ದ, 7 ಅಡಿ ಅಗಲ, ಮುಂಭಾಗ ಎತ್ತರ, ತಳ ಮುಂದುಗಡೆ ಚೂಪು. ಮಾಸಿದ ಬಣ್ಣ, ನಿಧಾನ. ಬೆಲೆ 2 ಲಕ್ಷ 75 ಸಾವಿರ.

ತಮ್ಮನ ಕಣ್ಣು ಮೊದಲನೆಯದರ ಮೇಲೆ. ನಾನು ಎರಡನೆಯದರಲ್ಲಿ ಕೂತು "ಇದು ಆರಾಮಾಗಿದೆ" ಅಂದೆ. ಅವನಿಗೆ ಸಿಟ್ಟು ಬಂತು. "ಅಕ್ಕಾ, ನಾವ್ ದೋಣಿ ತಕಂಬುದಾ, ಸೋಫಾ ತಕಂಬುದಾ?"

ಕರಾವಳಿಯಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಇದೆ. ಸುಖ ಕೇಳುವವನು ಮೀನುಗಾರನೇ ಅಲ್ಲ ಅನ್ನುವ ಹಾಗೆ. ಆದರೆ ದೋಣಿಯಲ್ಲಿ ಸುಖ ಅಂದರೆ ಮೆತ್ತನೆ ಸೀಟು ಅಲ್ಲ. ಚಪ್ಪಟೆ ತಳ ಪ್ರತಿ ಅಲೆಗೂ ಧಡ್ ಅಂತ ಬಡಿಯುತ್ತದೆ. ದಿನಕ್ಕೆ ಐದಾರು ಗಂಟೆ ಆ ಹೊಡೆತ ಸೊಂಟಕ್ಕೆ, ಬೆನ್ನುಮೂಳೆಗೆ, ಮೊಣಕಾಲಿಗೆ ಹೋಗುತ್ತದೆ. ತಗ್ಗು ಬದಿಯಿಂದ ನೀರು ಚಿಮ್ಮುತ್ತಲೇ ಇದ್ದರೆ ಮೈ ಒದ್ದೆ, ಚಳಿ, ಉಪ್ಪಿನಿಂದ ಕಣ್ಣುರಿ. ಹಿಡಿದುಕೊಳ್ಳಲು ಗಟ್ಟಿ ಆಧಾರ ಇಲ್ಲದಿದ್ದರೆ ನಿಂತಷ್ಟು ಹೊತ್ತೂ ಕಾಲಿನ ಶಕ್ತಿ ಸೋರಿಹೋಗುತ್ತದೆ. ಹೀಗೆ ಹಣ್ಣಾದ ಮನುಷ್ಯನೇ ಸಂಜೆ ಅಳಿವೆಯ ಮುಂದೆ ನಿಂತು, ಈ ಅಲೆಯ ಹಿಂದೆ ಹೋಗಲಾ, ಮುಂದಿನದಕ್ಕೆ ಕಾಯಲಾ ಅಂತ ನಿರ್ಧರಿಸಬೇಕು. ನಿದ್ದೆಗೆಟ್ಟು ಕಾರು ಓಡಿಸುವುದು ಅಪಾಯ ಅಂತ ನಮಗೆ ಗೊತ್ತು. ಇದೂ ಅದೇ. ದೋಣಿಯ ಸುಖ ಸುರಕ್ಷತೆಯದ್ದೇ ಒಂದು ಭಾಗ.

ತಳ, ಬದಿ, ಮೂತಿ

ನೋಡಲು ಹೋದಾಗ ಪೇಂಟ್ ಬಿಟ್ಟು ಆಕಾರ ನೋಡಿ.

ತಳ: ಮುಂಭಾಗದಲ್ಲಿ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಚೂಪಾಗಿದ್ದರೆ ಅಲೆಯನ್ನು ಸೀಳುತ್ತದೆ, ಬಡಿತ ಕಡಿಮೆ. ಚಪ್ಪಟೆ ತಳ ನಿಂತ ನೀರಿನಲ್ಲಿ ಅಲುಗಾಡದೆ ನಿಲ್ಲುತ್ತದೆ, ಕಡಿಮೆ ಎಣ್ಣೆಗೆ ಹೆಚ್ಚು ಓಡುತ್ತದೆ. ಹೊಳೆಗೆ ಅದು ಚೆನ್ನ, ಮಳೆಗಾಲದ ಕಡಲಿಗಲ್ಲ. ಬಲೆ ಎಳೆಯುವಾಗ ಎಲ್ಲರೂ ಒಂದೇ ಬದಿಗೆ ಬರುವುದರಿಂದ ಪೂರ್ತಿ ಚೂಪು ತಳವೂ ಕಷ್ಟ. ಮುಂದೆ ಚೂಪು, ಹಿಂದಕ್ಕೆ ಹೋದಂತೆ ಅಗಲ, ಇದು ಒಳ್ಳೆಯ ರಾಜಿ.

ಬದಿ: ನಾಲ್ಕು ಜನ, ಬಲೆ, ಐಸು, ಎಣ್ಣೆ ಎಲ್ಲ ಹಾಕಿದ ಮೇಲೆ ನೀರಿನಿಂದ ಅಂಚಿಗೆ ಎಷ್ಟು ಎತ್ತರ ಉಳಿಯುತ್ತದೆ ಅಳೆಯಿರಿ. ಖಾಲಿ ದೋಣಿಯ ಅಳತೆಗೆ ಅರ್ಥವಿಲ್ಲ.

ಮೂತಿ: ಮುಂಭಾಗ ಎತ್ತರವಾಗಿದ್ದು ಹೊರಕ್ಕೆ ಅರಳಿದ್ದರೆ ಹಿಂದಿನಿಂದ ಅಲೆ ಎತ್ತಿದಾಗಲೂ ನೀರಿಗೆ ಚುಚ್ಚದೆ ಮೇಲೇಳುತ್ತದೆ.

ಹಿಂಭಾಗ: ಎಂಜಿನ್ ಕೂರಿಸಲು ಕೊರೆದ ಕಂಡಿ ತೀರಾ ತಗ್ಗಾಗಿದ್ದರೆ ಹಿಂದಿನ ಅಲೆ ನೇರ ಒಳಗೆ ಬರುತ್ತದೆ. ಕಂಡಿಯ ಮುಂದೆ ಒಂದು ಅಡ್ಡಗೋಡೆ ಇದ್ದರೆ ಬಂದ ನೀರು ದೋಣಿ ತುಂಬದೆ ಅಲ್ಲಿಂದಲೇ ಹೊರಗೆ ಹೋಗುತ್ತದೆ.

ಇನ್ನೊಂದು ಮಾತು. ಮರದ ದೋಣಿ ನೀರು ತುಂಬಿದರೂ ಅಷ್ಟು ಸುಲಭಕ್ಕೆ ಮುಳುಗುವುದಿಲ್ಲ, ಮರ ನೀರಿಗಿಂತ ಹಗುರ. ಫೈಬರ್ ನೀರಿಗಿಂತ ಭಾರ. ಒಳಗೆ ಗಾಳಿ ಕೋಣೆಗಳೋ ಫೋಮ್ ತುಂಬಿದ ಕೋಣೆಗಳೋ ಇಲ್ಲದಿದ್ದರೆ ನೀರು ತುಂಬಿದ ಫೈಬರ್ ದೋಣಿ ಎಂಜಿನ್ ಸಮೇತ ತಳ ಸೇರುತ್ತದೆ. ಮಗುಚಿದ ದೋಣಿ ತೇಲುತ್ತಿದ್ದರೆ ಜನರಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ. "ಫೋಮ್ ಎಲ್ಲಿದೆ, ತೋರಿಸಿ" ಅಂತ ಕೇಳಲು ಸಂಕೋಚ ಬೇಡ.

ಹತ್ತು ಓಲಾಟದ ಲೆಕ್ಕ

ಇದಕ್ಕೆ ಬೇಕಾದದ್ದು ಮೊಬೈಲ್‌ನ ಸ್ಟಾಪ್‌ವಾಚ್ ಮಾತ್ರ. ಅಲೆ ಇಲ್ಲದ ಹೊಳೆಯಲ್ಲಿ, ಕಟ್ಟಿದ ಹಗ್ಗ ಸಡಿಲ ಬಿಟ್ಟು, ಮಾಮೂಲಿ ಭಾರ ಹಾಕಿ ದೋಣಿಯನ್ನು ನಿಲ್ಲಿಸಿ. ದಕ್ಕೆಯಿಂದ ಒಬ್ಬರು ದೋಣಿಯ ಅಂಚನ್ನು ಒತ್ತಿ ಒತ್ತಿ ಬಿಟ್ಟು ಓಲಾಡಿಸಲಿ. ಎಡಕ್ಕೆ ಹೋಗಿ, ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬಂದರೆ ಒಂದು ಓಲಾಟ. ಹತ್ತಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ, ಹತ್ತರಿಂದ ಭಾಗಿಸಿ. ಒಂದೇ ಸಲಕ್ಕೆ ಹತ್ತು ಸಿಗದಿದ್ದರೆ ಐದೈದರಂತೆ ಎರಡು ಸಲ ಮಾಡಿ.

ಒಂದು ಓಲಾಟದ ಸೆಕೆಂಡ್‌ಗಳು ದೋಣಿಯ ಅಗಲದ ಮೀಟರ್‌ಗಳಿಗಿಂತ ಕಡಿಮೆ ಇದ್ದರೆ ದೋಣಿಯ ಸಮತೋಲನ ಸಾಮಾನ್ಯವಾಗಿ ಸಾಕಷ್ಟಿದೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಣ್ಣ ಮೀನುಗಾರಿಕಾ ದೋಣಿಗಳ ಕೈಪಿಡಿಯಲ್ಲಿ ಹೇಳುತ್ತದೆ. ಇದು ಅಂದಾಜು ಲೆಕ್ಕ, ಕಡಲಿಗೆ ಕೊಟ್ಟ ಗ್ಯಾರಂಟಿ ಅಲ್ಲ. ಆದರೂ ಸೋಮಾರಿಯ ಹಾಗೆ ನಿಧಾನಕ್ಕೆ ವಾಲಿ, ನಿಧಾನಕ್ಕೆ ಏಳುವ ದೋಣಿ ಅನುಮಾನದ ದೋಣಿ. ವಿಚಿತ್ರ ಅಂದರೆ, ಕೂತವರಿಗೆ ಅದೇ ಹಿತವಾಗಿ ಅನಿಸುವುದು.

ಎರಡನೇ ದೋಣಿ 2.1 ಮೀಟರ್ ಅಗಲ, ಒಂದು ಓಲಾಟಕ್ಕೆ 1.8 ಸೆಕೆಂಡ್. ಪಾಸು. ಮೊದಲನೆಯದು 1.8 ಮೀಟರ್ ಅಗಲ, ಓಲಾಟಕ್ಕೆ 2.3 ಸೆಕೆಂಡ್. ತಮ್ಮ ಮೂರು ಸಲ ಎಣಿಸಿದ. ಮೂರು ಸಲವೂ ಅಷ್ಟೇ.

ಕಾರಣ ಮರುವಾರ ಗೊತ್ತಾಯಿತು. ದೋಣಿಯನ್ನು ದಡಕ್ಕೆ ಎಳೆದು ಎರಡು ದಿನವಾಗಿತ್ತು, ಮಳೆ ಬಿದ್ದಿರಲಿಲ್ಲ. ಆದರೂ ತಳದ ಹತ್ತಿರ ಕೂದಲೆಳೆಯಂಥ ಒಂದು ಬಿರುಕಿನಿಂದ ನೀರು ಜಿನುಗಿ ಮರಳು ಒದ್ದೆಯಾಗಿತ್ತು. ಹಲಗೆಯ ನೆಲಕ್ಕೂ ಹೊರಗಿನ ತಳಕ್ಕೂ ನಡುವೆ ನೀರು ಸೇರಿಕೊಂಡಿತ್ತು. ಅಲ್ಲಿನ ನೀರು ಸುಮ್ಮನೆ ಕೂರುವುದಿಲ್ಲ. ದೋಣಿ ಎಡಕ್ಕೆ ವಾಲಿದರೆ ಅದೂ ಎಡಕ್ಕೆ ಓಡಿ ಇನ್ನಷ್ಟು ವಾಲಿಸುತ್ತದೆ. ಮಾರುವವರು "ತೊಳೆದ ನೀರು" ಅಂದರು. ತಮ್ಮ ಮಾತಾಡಲಿಲ್ಲ.

ಫೈಬರ್‌ನ ವಯಸ್ಸು

ಹಳೆ ಫೈಬರ್ ಪರೀಕ್ಷೆಗೆ ಒಂದು ಐದು ರೂಪಾಯಿ ನಾಣ್ಯ ಸಾಕು. ತಳದ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಪದರ ಬಿಟ್ಟುಕೊಂಡಲ್ಲಿ, ಒಳಗೆ ನೀರು ಕೂತಲ್ಲಿ ಸದ್ದು ಡಬ್ ಡಬ್ ಅಂತ ಸತ್ತುಹೋಗುತ್ತದೆ. ಅಂಥ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒಂದೆರಡಾದರೆ ರಿಪೇರಿ ಮಾಡಿಸಬಹುದು. ಗುರುತು ಸಾಲಾಗಿ ಬಂದರೆ ಬಿಟ್ಟುಬಿಡಿ.

ಸಣ್ಣ ಗುಳ್ಳೆಗಳು, ಒಂದು ಬಿಂದುವಿನಿಂದ ನಕ್ಷತ್ರದ ಹಾಗೆ ಹರಡಿದ ಬಿರುಕುಗಳು ಎಲ್ಲಿವೆ ನೋಡಿ. ಎಂಜಿನ್ ಕೂರುವ ಹಿಂಬದಿ ಹಲಗೆಯ ಒಳಗೆ ಎಷ್ಟೋ ದೋಣಿಗಳಲ್ಲಿ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ನೀರಿಳಿದು ಅದು ಕೊಳೆತರೆ ಹೊರಗಿನಿಂದ ಕಾಣುವುದಿಲ್ಲ. ಎಂಜಿನ್ನಿನ ಕೆಳಭಾಗ ಹಿಡಿದು ಮೇಲೆ ಕೆಳಗೆ ಒತ್ತಿ ನೋಡಿ. ಹಲಗೆ ಬಾಗಿದರೆ, ಸುತ್ತ ಬಿರುಕು ಬಾಯಿ ಬಿಟ್ಟರೆ ವ್ಯಾಪಾರ ಅಲ್ಲಿಗೇ ನಿಲ್ಲಲಿ.

ಮಾರುವ ವಾರವಷ್ಟೇ ಬಳಿದ ಹೊಸ ಪೇಂಟ್ ಇದ್ದರೆ ಯಾಕೆ ಅಂತ ಕೇಳಿ. ಚಂದಕ್ಕೂ ಇರಬಹುದು, ಮುಚ್ಚಲಿಕ್ಕೂ ಇರಬಹುದು.

ಎಂಜಿನ್ ತಣ್ಣಗಿರಲಿ

ನೀವು ಬರುವ ಮೊದಲೇ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅದು ಪರೀಕ್ಷೆಯೇ ಅಲ್ಲ. ಮೊದಲು ಕೈಯಿಟ್ಟು ನೋಡಿ. ಬಿಸಿ ಇದ್ದರೆ ಟೀ ಕುಡಿದು ಬನ್ನಿ, ಆರಲಿ. ತಣ್ಣಗಿರುವಾಗ ಎರಡು ಮೂರು ಎಳೆತಕ್ಕೆ ಶುರುವಾಗಬೇಕು. ಅಳಿವೆಯ ಮಧ್ಯೆ ಎಂಜಿನ್ ನಿಂತರೆ ಹತ್ತು ಸಲ ಹಗ್ಗ ಎಳೆಯಲು ಸಮಯ ಇರುವುದಿಲ್ಲ.

ಓಡುವಾಗ ತಂಪು ಮಾಡುವ ನೀರಿನ ಪಿಚಕಾರಿ ಸಮನಾಗಿ ಹೊರಬರುತ್ತಿರಬೇಕು. ಕೆಳಗಿನ ಗೇರ್ ಆಯಿಲ್ ಸ್ವಲ್ಪ ತೆಗೆಸಿ ನೋಡಿ. ಹಾಲು ಬೆರೆಸಿದ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ. ಹತ್ತಿರದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಕಂಪ್ರೆಷನ್ ಪರೀಕ್ಷಿಸಿ. ಆ ಮೆಕ್ಯಾನಿಕ್ ಮಾರುವವರ ಕಡೆಯವನಾಗಿರದಿರಲಿ.

ಎಂಜಿನ್ ಆಫ್ ಸ್ವಿಚ್‌ಗೆ ಜೋಡಿಸಿದ ಸುರುಳಿ ದಾರ ಇದೆಯಾ ನೋಡಿ. ಅದನ್ನು ಓಡಿಸುವವನ ಮಣಿಕಟ್ಟಿಗೆ ಕಟ್ಟಬೇಕು. ಅವನು ನೀರಿಗೆ ಬಿದ್ದರೆ ದಾರ ಎಳೆದು ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಓಡಿಸುವವನಿಲ್ಲದ ದೋಣಿ ಸುತ್ತು ಹೊಡೆದು ಬಿದ್ದವನ ಮೇಲೇ ಬರಬಹುದು. ಹಳೆ ದೋಣಿಗಳಲ್ಲಿ ಈ ದಾರ ಕಳೆದುಹೋಗಿ ಆ ಜಾಗಕ್ಕೆ ತಂತಿ ಸುತ್ತಿರುತ್ತಾರೆ.

ಟ್ರಯಲ್‌ಗೆ ಮಧ್ಯಾಹ್ನ ಹೋಗಿ

ಮಾರುವವರು "ಬೆಳಗ್ಗೆ ಏಳಕ್ಕೆ ಬನ್ನಿ" ಅನ್ನುತ್ತಾರೆ. ಬೇಸಿಗೆಯ ಬೆಳಗ್ಗೆ ನಮ್ಮ ಕಡಲು ಕನ್ನಡಿ. ಅದರ ಮೇಲೆ ಬಾಗಿಲ ಹಲಗೆಯೂ ಚೆನ್ನಾಗಿ ಓಡುತ್ತದೆ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ವಾಯವ್ಯದಿಂದ ಕಡಲ ಗಾಳಿ ಎದ್ದು ಚಿಕ್ಕ ಚಿಕ್ಕ ಕಡಿದಾದ ಅಲೆ ಬರುತ್ತದೆ. ಟ್ರಯಲ್‌ಗೆ ಅದೇ ಸರಿಯಾದ ಹೊತ್ತು. ಹವಾಮಾನ ಎಚ್ಚರಿಕೆ ಇರುವ ದಿನ ಬೇಡ. ಎಲ್ಲರಿಗೂ ಲೈಫ್ ಜಾಕೆಟ್, ಜತೆಗೆ ಇನ್ನೊಂದು ದೋಣಿ ಇರಲಿ.

ನಾಲ್ಕು ದಿಕ್ಕಿನಲ್ಲೂ ಓಡಿಸಿ: ಅಲೆಗೆ ಎದುರಾಗಿ, ಓರೆಯಾಗಿ, ಅಡ್ಡಕ್ಕೆ, ಕೊನೆಗೆ ಅಲೆ ಬೆನ್ನ ಹಿಂದೆ ಬರುವಂತೆ. ಹಿಂದಿನಿಂದ ಅಲೆ ಎತ್ತಿದಾಗ ದೋಣಿ ನೇರ ಹೋಗುತ್ತದಾ, ತಿರುಗಲು ನೋಡುತ್ತದಾ? ಎಂಜಿನ್ ನಿಲ್ಲಿಸಿ ಐದು ನಿಮಿಷ ತೇಲಲು ಬಿಡಿ. ಎಲ್ಲರೂ ಒಂದೇ ಬದಿಗೆ ಬಂದು ಬಲೆ ಎಳೆಯುವ ಹಾಗೆ ನಿಲ್ಲಿ. ಅಂಚು ನೀರಿಗೆ ಎಷ್ಟು ಹತ್ತಿರ ಬಂತು?

ಮೊದಲನೇ ದೋಣಿ ಎದುರಲೆಯಲ್ಲಿ ಪ್ರತಿ ಸಲ ಬಡಿಯಿತು. ನನ್ನ ಹಲ್ಲು ಹಲ್ಲಿಗೆ ತಾಗಿತು. ಹಿಂದಲೆಯಲ್ಲಿ ತಮ್ಮನಿಗೆ ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು ಎಳೆಯಬೇಕಾಯಿತು. ಎರಡನೆಯದು ನಿಧಾನವಾಗಿತ್ತು, ಮೊದಲನೆಯದರ ಮುಕ್ಕಾಲು ವೇಗವೂ ಇಲ್ಲ. ಆದರೆ ಹಿಂದಿನಿಂದ ಬಂದ ಅಲೆಯನ್ನು ಎಮ್ಮೆ ಮೈ ಕೊಡವಿದ ಹಾಗೆ ಕೆಳಗಿನಿಂದ ಹೋಗಲು ಬಿಟ್ಟಿತು. ದೊಡ್ಡಪ್ಪ ಅಷ್ಟು ಹೊತ್ತು ಮುಂದೆ ಕೂತು ಬೀಡಿ ಹಚ್ಚಲು ನೋಡುತ್ತಿದ್ದರು. ಮೊದಲನೇ ದೋಣಿಯಲ್ಲಿ ಆಗಿರಲಿಲ್ಲ, ಎರಡನೆಯದರಲ್ಲಿ ಹಚ್ಚಿದರು. ತೀರ್ಪು ಅಷ್ಟೇ.

ತಮ್ಮ ಆಮೇಲೂ ಒಪ್ಪಲಿಲ್ಲ. ಅವನದ್ದೂ ಸುಳ್ಳು ವಾದವಲ್ಲ. ನಿಧಾನದ ದೋಣಿ ಹರಾಜಿಗೆ ತಡವಾಗಿ ಬರುತ್ತದೆ, ತಡವಾದರೆ ರೇಟ್ ಇಳಿಯುತ್ತದೆ, ಎಣ್ಣೆ ಖರ್ಚೂ ಹೆಚ್ಚು. "ನೀನ್ ತಿಂಗ್ಳಿಗ್ ಸಂಬ್ಳ ಎಣ್ಸುವಳ್. ನಂಗ್ ದಿನಾ ಲೆಕ್ಕ" ಅಂದ. ಆ ರಾತ್ರಿ ಊಟಕ್ಕೆ ಕೂತಾಗ ನಾವಿಬ್ಬರೂ ಮಾತಾಡಲಿಲ್ಲ. ಮರುದಿನ ಅವನೇ ಹೋಗಿ ಎರಡನೆಯದಕ್ಕೆ 2 ಲಕ್ಷ 60 ಸಾವಿರಕ್ಕೆ ಮುಗಿಸಿ ಬಂದ. ಯಾಕೆ ಅಂತ ನಾನು ಕೇಳಲಿಲ್ಲ. ಅವನ ಹೆಂಡತಿಗೆ ಏಳು ತಿಂಗಳು.

ಬಜೆಟ್‌ನಲ್ಲಿ ದೋಣಿ ಮಾತ್ರ ಇರಬಾರದು

ಕೈಯಲ್ಲಿರುವ ದುಡ್ಡೆಲ್ಲ ದೋಣಿಗೇ ಸುರಿದರೆ ಲೈಫ್ ಜಾಕೆಟ್ "ಮುಂದಿನ ವರ್ಷ" ಆಗುತ್ತದೆ. ಮೊದಲೇ ಸ್ವಲ್ಪ ಬದಿಗಿಡಿ. ಎಷ್ಟು ಜನವೋ ಅಷ್ಟು ಲೈಫ್ ಜಾಕೆಟ್, ಅದೂ ಹಾಕಿಕೊಂಡೇ ಕೆಲಸ ಮಾಡಲು ಆಗುವಂಥದ್ದು. ಮೂಲೆಯಲ್ಲಿ ಕಟ್ಟಿಟ್ಟ ಜಾಕೆಟ್ ಮಗುಚಿದ ಮೇಲೆ ಕೈಗೆ ಸಿಗುವುದಿಲ್ಲ. ಹುಟ್ಟು, ಲಂಗರು, ಉದ್ದ ಹಗ್ಗ, ನೀರು ಎತ್ತಲು ಬಾಲ್ದಿ, ಟಾರ್ಚ್, ಸೀಟಿ, ನೀರು ಹೋಗದ ಕವರಿನಲ್ಲಿ ಫೋನ್. ಕೋಸ್ಟ್ ಗಾರ್ಡ್ ತುರ್ತು ಸಂಖ್ಯೆ 1554, ಕರಾವಳಿ ಕಾವಲು ಪೊಲೀಸ್ 1093. ಎರಡನ್ನೂ ದೋಣಿಯ ಒಳಬದಿಗೆ ಪೇಂಟ್‌ನಲ್ಲಿ ಬರೆಸಿ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ 7 ಮೀನುಗಾರರೊಂದಿಗೆ ಕಾಣೆಯಾದದ್ದು ಕರಾವಳಿಯವರಿಗೆ ಮರೆಯುವುದಿಲ್ಲ. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕಡೆಯ ಸಮುದ್ರದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ಹೊತ್ತಿಗೆ. ಅಷ್ಟು ತಿಂಗಳು ಮನೆಯವರು ದಾರಿ ಕಾದರು. ಅದು ಆಳಸಮುದ್ರದ ದೊಡ್ಡ ಬೋಟ್. ಚಿಕ್ಕ ದೋಣಿಯವರೂ ಕಲಿಯಬೇಕಾದದ್ದು ಒಂದಿದೆ: ಎಲ್ಲಿದ್ದೇವೆ ಅನ್ನುವುದು ದಡದಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್‌ಗಳನ್ನು 1 ಲಕ್ಷ ಬೋಟ್‌ಗಳಿಗೆ ಅಳವಡಿಸುವ ಕೇಂದ್ರದ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿದೆ. ನಿಮ್ಮ ದೋಣಿಗೆ ಸಿಗುತ್ತದಾ ಅಂತ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ.

ಅದೇ ಕಚೇರಿಯಲ್ಲಿ ಕಾಗದವೂ ನೋಡಿಸಿ. ನೋಂದಣಿ ಪತ್ರದಲ್ಲಿರುವ ಸಂಖ್ಯೆ ದೋಣಿಯ ಮೇಲಿರುವ ಸಂಖ್ಯೆಗೆ ತಾಳೆಯಾಗಬೇಕು. ಮೀನುಗಾರಿಕೆ ಪರವಾನಗಿ, ಹಳೆ ಸಾಲ ಬಾಕಿ ಇಲ್ಲ ಅನ್ನುವ ಪತ್ರ, ಹೆಸರು ವರ್ಗಾವಣೆ ಎಲ್ಲ ಮುಗಿಯುವವರೆಗೆ ಪೂರ್ತಿ ಹಣ ಕೊಡಬೇಡಿ. ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಕಲಾಸಿಗಳ ಹೆಸರೂ ಇರಲಿ. ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ ಅದು 5 ಲಕ್ಷ ರೂಪಾಯಿ ಕೊಡುತ್ತದೆ.

ಹೋಗದಿರುವ ಸ್ವಾತಂತ್ರ್ಯ

ಎಷ್ಟೇ ಒಳ್ಳೆ ದೋಣಿಯಾದರೂ ಕಡಲಿಗಿಂತ ದೊಡ್ಡದಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದಿನವೂ ಅಲೆಯ ಮುನ್ಸೂಚನೆ ಕೊಡುತ್ತದೆ, ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಅದರಲ್ಲಿ ಅಲೆಯ ಎತ್ತರ ಮಾತ್ರ ನೋಡಬೇಡಿ, ಎಷ್ಟು ಸೆಕೆಂಡಿಗೊಂದು ಅಲೆ ಅನ್ನುವುದನ್ನೂ ನೋಡಿ. ತೆರೆದ ಕಡಲಿನಲ್ಲಿ 10 ಸೆಕೆಂಡಿನ ಅಲೆಗಳ ನಡುವೆ ಸುಮಾರು 155 ಮೀಟರ್ ಅಂತರ ಇರುತ್ತದೆ. ಅಲ್ಲಿ ದೋಣಿ ಮೆಲ್ಲಗೆ ಏರಿ ಇಳಿಯುತ್ತದೆ. 4 ಸೆಕೆಂಡಿನದ್ದಾದರೆ 25 ಮೀಟರ್ ಅಷ್ಟೇ. ಅದೇ ಒಂದು ಮೀಟರ್ ಎತ್ತರ, ಆದರೆ ಹೊಡೆತದ ಮೇಲೆ ಹೊಡೆತ. ಇನ್ನೊಂದು ಕಡೆ, ದೂರದ ದಕ್ಷಿಣ ಸಾಗರದಿಂದ ಬರುವ ಉದ್ದ ಅಲೆ ಗಾಳಿಯಿಲ್ಲದ, ಬಿಸಿಲಿನ ದಿನವೂ ಅಳಿವೆಯಲ್ಲಿ ಗೋಡೆಯಾಗಿ ಏಳಬಲ್ಲದು. ಕೇರಳದವರು ಅದಕ್ಕೆ 'ಕಳ್ಳಕ್ಕಡಲ್' ಅಂತ ಸರಿಯಾಗಿಯೇ ಹೆಸರಿಟ್ಟಿದ್ದಾರೆ. ಕಳ್ಳನ ಹಾಗೆ ಬರುವ ಕಡಲು.

ಇದೆಲ್ಲ ಮೀನುಗಾರರಿಗೆ ಗೊತ್ತಿಲ್ಲ ಅಂತಲ್ಲ. ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೆಟ್ಟ ದಿನ ಹೋಗುವಂತೆ ಮಾಡುವುದು ಬಹಳ ಸಲ ವಾರದ ಕಂತು. ಸಾಲ ಕೊಟ್ಟವನು ಸೋಮವಾರ ಬಾಗಿಲಿಗೆ ಬರುತ್ತಾನೆ ಅಂದರೆ ಶನಿವಾರದ ಗಾಳಿಯನ್ನು ಯಾರು ನೋಡುತ್ತಾರೆ?

ದುಡ್ಡು ಕಳಿಸುವ ನಮ್ಮ ಕೈಯಲ್ಲಿ ಇರುವುದು ಇಲ್ಲೇ. ತಳ ಬಡಿದು ನೋಡಲು, ಓಲಾಟ ಎಣಿಸಲು ರಜೆ ಸಿಗದೇ ಹೋಗಬಹುದು. ಆದರೆ ನಾವು ಕೊಟ್ಟ ಹಣ ವಾಪಸು ಬರುವ ರೀತಿ ನಾವೇ ನಿರ್ಧರಿಸಬಹುದು. ನಾನೂ ತಮ್ಮನೂ ಮಾಡಿಕೊಂಡ ಲೆಕ್ಕ ಇದು: ಆಗಸ್ಟ್‌ನಿಂದ ಮೇವರೆಗೆ, ಮೀನು ಬಿದ್ದ ತಿಂಗಳು ಕೊಡುವುದು, ಬೀಳದ ತಿಂಗಳು ಬಿಡುವುದು. ಜೂನ್, ಜುಲೈನಲ್ಲಿ ಒಂದು ರೂಪಾಯಿಯೂ ಇಲ್ಲ. ಆ ಎರಡು ತಿಂಗಳು ದೋಣಿ ಇಳಿಸಬೇಕೋ ಬೇಡವೋ ಅನ್ನುವುದನ್ನು ಅವನು ಕಡಲು ನೋಡಿ ಹೇಳಲಿ, ಕ್ಯಾಲೆಂಡರ್ ನೋಡಿ ಅಲ್ಲ.

ಮುಂದಿನ ಸಲ ಊರಿಂದ ಫೋನ್ ಬಂದಾಗ ರೇಟ್ ಕೇಳಿ, ಎಚ್‌ಪಿ ಕೇಳಿ. ಜತೆಗೆ ಇದನ್ನೂ ಕೇಳಿ: ತುಂಬಿದ ಮೇಲೆ ಬದಿ ಎಷ್ಟು ಉಳಿಯುತ್ತೆ? ಹತ್ತು ಓಲಾಟಕ್ಕೆ ಎಷ್ಟು ಸೆಕೆಂಡ್? ಮಧ್ಯಾಹ್ನ ಟ್ರಯಲ್ ಮಾಡಿದ್ರಾ? ಉತ್ತರ ಬರುವವರೆಗೆ ದುಡ್ಡು ಕಳಿಸಬೇಡಿ.